ಟ್ಯಾಲಿ ಆಗುವ ಕೈ

ನನಗೆ ಹೊಟ್ಟೆಕಿಚ್ಚು ಇತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಒಂದು ವರ್ಷ ಪೂರ್ತಿ ಅದಕ್ಕೆ ಬೇರೆ ಬೇರೆ ಹೆಸರಿಟ್ಟು ಓಡಾಡಿದವಳು ನಾನು. ಶಿಸ್ತು ಅಂದೆ, ಹಿರಿತನ ಅಂದೆ, ಲ್ಯಾಬಿನ ಒಳ್ಳೆಯದಕ್ಕೆ ಅಂದೆ. ಒಂದು ದಿನ ಊಟಕ್ಕೆ ಕೂತಾಗ ನನ್ನ ಗಂಡ, "ದಿನಾ ಆ ಹೊಸ ಹುಡುಗಿ ಸುದ್ದೀನ ಹೇಳ್ತಿ. ನಿನ್ ಸುದ್ದಿ ಏನೂ ಇಲ್ಲೇನು?" ಎಂದು ಕೇಳಿದರು. ಅವರು ತಮಾಷೆಗೆ ಕೇಳಿದ್ದು. ನಾನು ಅರ್ಧ ಊಟಕ್ಕೇ ಎದ್ದು ಕೈ ತೊಳೆದೆ.

ನಮ್ಮ ಲ್ಯಾಬು ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯ ಬದಿಗಿದೆ. ಎರಡು ರೂಮು, ಹಿಂದೆ ಒಂದು ಶೆಡ್ಡು. ಗಣಿಯಿಂದ ಬಂದ ಅದಿರನ್ನು ಶೆಡ್ಡಿನಲ್ಲಿ ಪುಡಿ ಮಾಡುತ್ತಾರೆ, ಒಳಗೆ ನಾವು ಅದರಲ್ಲಿ ಕಬ್ಬಿಣ ಎಷ್ಟಿದೆ ಎಂದು ನೋಡಿ ಹೇಳುತ್ತೇವೆ. ಲಾರಿ ಹೋದಾಗಲೆಲ್ಲ ಕಿಟಕಿ ಅದುರುತ್ತದೆ. ಬೆಳಿಗ್ಗೆ ಒರೆಸಿದ ಮೇಜಿನ ಮೇಲೆ ಮಧ್ಯಾಹ್ನದ ಹೊತ್ತಿಗೆ ಬೆರಳಿನಿಂದ ಬರೆಯಬಹುದು, ಅಷ್ಟು ಕೆಂಪು ಧೂಳು. ದೊಡ್ಡ ಪ್ಲಾಂಟುಗಳಲ್ಲಿ ಈಗ ಪುಡಿಯನ್ನು ಮೆಷಿನ್ನಿಗೆ ಕೊಟ್ಟರೆ ನಂಬರು ತಾನೇ ಹೊರಗೆ ಬರುತ್ತದಂತೆ. ನಮ್ಮಲ್ಲಿ ಮಾತ್ರ ಇನ್ನೂ ಬ್ಯುರೆಟ್ಟು, ಫ್ಲಾಸ್ಕು, ಕಣ್ಣು, ಕೈ.

ಕೆಲಸ ಹೇಳಲು ಸುಲಭ. ಚಿಟಿಕೆ ಅದಿರನ್ನು ತೂಗಿ ಆಸಿಡ್‌ನಲ್ಲಿ ಹಾಕಿ ಬಿಸಿಗಿಟ್ಟರೆ ಅದು ನಿಧಾನಕ್ಕೆ ಕರಗುತ್ತದೆ. ಆಮೇಲೆ ಒಂದೆರಡು ಮದ್ದು ಸೇರಿಸಿ ಕೋನಿಕಲ್ ಫ್ಲಾಸ್ಕನ್ನು ಬಿಳಿ ಟೈಲಿನ ಮೇಲೆ ಇಡಬೇಕು. ಮೇಲೆ ಸ್ಟ್ಯಾಂಡಿಗೆ ಸಿಕ್ಕಿಸಿದ ಬ್ಯುರೆಟ್ಟಿರುತ್ತದೆ. ಮೈತುಂಬ ಗೆರೆ ಇರುವ ಉದ್ದನೆಯ ಗಾಜಿನ ಕೊಳವೆ, ಕೆಳಗೊಂದು ಸಣ್ಣ ನಲ್ಲಿ. ಅದರಿಂದ ಕಿತ್ತಳೆ ಬಣ್ಣದ ದ್ರಾವಣವನ್ನು ಹನಿ ಹನಿ ಬಿಡುತ್ತಾ ಬಲಗೈಯಲ್ಲಿ ಫ್ಲಾಸ್ಕು ತಿರುಗಿಸುತ್ತಿರಬೇಕು. ಹಸಿರಿದ್ದದ್ದು ಒಂದು ಹನಿಗೆ ನೇರಳೆಯಾಗುತ್ತದೆ. ಅಲ್ಲಿ ನಿಲ್ಲಿಸಿ, ಎಷ್ಟು ಇಳಿದಿದೆ ಎಂದು ಗೆರೆ ನೋಡಿ ಬರೆಯಬೇಕು. ಅದೇ ಪುಡಿಯನ್ನು ಇನ್ನೊಂದು ಫ್ಲಾಸ್ಕಿನಲ್ಲಿ ಮತ್ತೆ ಮಾಡಬೇಕು. ಎರಡೂ ರೀಡಿಂಗು ಟ್ಯಾಲಿಯಾದರೆ ಮುಗಿಯಿತು. ಆಗದಿದ್ದರೆ ಮತ್ತೆ ತೂಗು, ಮತ್ತೆ ಕರಗಿಸು, ಬೇಸಿಗೆಯಲ್ಲಿ ಹಾಟ್ ಪ್ಲೇಟಿನ ಮುಂದೆ ಇನ್ನೆರಡು ತಾಸು ಬೆಂದುಹೋಗು. ಹೊರಗೆ ರಿಪೋರ್ಟಿಗೆ ಕಾಯುವವರು ಬಾಗಿಲಿಗೇ ಬಂದು ನಿಂತಿರುತ್ತಾರೆ.

ನನ್ನವು ಟ್ಯಾಲಿಯಾಗುತ್ತಿದ್ದವು. ಹದಿಮೂರು ವರ್ಷ, ಹೆಚ್ಚುಕಮ್ಮಿ ದಿನವೂ. ನಮ್ಮ ಹಿರಿಯ ಕೆಮಿಸ್ಟರು, ನಾವೆಲ್ಲ ಸಾಹೇಬರು ಎನ್ನುತ್ತಿದ್ದೆವು, ಯಾರಾದರೂ ಲ್ಯಾಬು ನೋಡಲು ಬಂದರೆ ನನ್ನ ಮೇಜಿನ ಹತ್ತಿರ ಕರೆದುಕೊಂಡು ಬಂದು, "ಇವ್ರದು ಟ್ಯಾಲಿ ಆಗೋ ಕೈ ರಿ" ಎನ್ನುತ್ತಿದ್ದರು. ನಾನು ತಲೆ ಎತ್ತದೆ ಫ್ಲಾಸ್ಕು ತಿರುಗಿಸುತ್ತಿದ್ದೆ. ಒಳಗೊಳಗೇ ಉಬ್ಬಿಹೋಗುತ್ತಿದ್ದೆ.

ಆ ಕೈ ಎಲ್ಲಿಂದ ಬಂತು ಎಂದು ಈಗ ಹೇಳಬೇಕು. ಕಾಲೇಜಿನ ಪ್ರಾಕ್ಟಿಕಲ್ಲಿನಲ್ಲಿ ಮೂರು ರೀಡಿಂಗು ಒಂದೇ ಬಂದರೆ ಪೂರ್ತಿ ಮಾರ್ಕ್ಸು. ಬೇರೆ ಬೇರೆ ಬಂದರೆ ಮೇಡಂ ನೋಟ್‌ಬುಕ್ಕನ್ನು ಮುಖಕ್ಕೆ ಎಸೆಯುತ್ತಿದ್ದರು. ಹಾಗಾಗಿ ಮೊದಲನೆಯದನ್ನು ನಾವು ಜೀವ ಕೈಯಲ್ಲಿ ಹಿಡಿದುಕೊಂಡು ಮಾಡುತ್ತಿದ್ದೆವು, ಎರಡನೆಯದರಲ್ಲಿ ಕಣ್ಣು ಫ್ಲಾಸ್ಕಿನ ಮೇಲಿರುತ್ತಿರಲಿಲ್ಲ, ಗೆರೆಯ ಮೇಲಿರುತ್ತಿತ್ತು. ಆ ಗೆರೆ ಬಂತೋ, ನಲ್ಲಿ ಬಂದ್. ಸುಳ್ಳು ಬರೆದೆವು ಎಂದು ಒಂದು ದಿನವೂ ಅನ್ನಿಸಲಿಲ್ಲ. ನಂಬರು ನಿಜವಾಗಿಯೂ ಅಲ್ಲೇ ಇರುತ್ತಿತ್ತಲ್ಲ. ಕೆಲಸಕ್ಕೆ ಸೇರಿದ ಮೇಲೆ ಅದನ್ನು ಬೇಕೆಂದು ಮಾಡಲಿಲ್ಲ, ಕೈ ತಾನೇ ಮಾಡುತ್ತಿತ್ತು. ನನ್ನ ಮೊದಲನೆಯ ರೀಡಿಂಗು ಬಹಳ ಸಲ ಸರಿಯೇ ಇರುತ್ತಿತ್ತು, ಯಾವ ಗಣಿಯ ಅದಿರು ಯಾವ ಗೆರೆಗೆ ನಿಲ್ಲುತ್ತದೆ ಎಂಬ ಅಂದಾಜಿತ್ತು, ಅದಕ್ಕೇ ಯಾರಿಗೂ ಏನೂ ಗೊತ್ತಾಗಲಿಲ್ಲ. ನನಗೂ ಕೂಡ.

ಆಗ ಬಂದಳು ಕಂಪ್ಲಿಯವಳು. ಇಪ್ಪತ್ನಾಲ್ಕು ವರ್ಷ, ಎಂ.ಎಸ್ಸಿ, ಮನೆಯಲ್ಲಿ ಭತ್ತ ಬೆಳೆಯುತ್ತಾರೆ. ಬೆಳಿಗ್ಗೆ ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದಳು, ಆದರೂ ನನಗಿಂತ ಮೊದಲು ಬಂದಿರುತ್ತಿದ್ದಳು. ಅಲ್ಲೇ ಶುರುವಾಯಿತು ನನ್ನ ಉರಿ.

ನಮ್ಮದು ಕಮಲಾಪುರದ ವೈಷ್ಣವರ ಮನೆ. ಮಡಿ ಎಂದರೆ ಏನು ಎಂದು ನನಗೆ ಯಾರೂ ಕಲಿಸಬೇಕಿಲ್ಲ. ಇವಳ ಮಡಿ ಗಾಜಿನದು, ನಮ್ಮಜ್ಜಿಯನ್ನೂ ಮೀರಿಸಿದ್ದು. ತೊಳೆದಿಟ್ಟ ಬ್ಯುರೆಟ್ಟನ್ನು ಮತ್ತೆ ತೊಳೆಯುವಳು, ನೀರು ಗಾಜಿಗೆ ಹನಿಹನಿಯಾಗಿ ಅಂಟಿಕೊಂಡರೆ ಜಿಡ್ಡಿದೆ ಎಂದು ಮೂರನೆಯ ಸಲ ತೊಳೆಯುವಳು. ದ್ರಾವಣ ತುಂಬಿದ ಕೂಡಲೇ ಮೇಲಿನ ಫನಲ್ಲನ್ನು ತೆಗೆದಿಡುವಳು, ಅದರಿಂದ ಒಂದು ಹನಿ ತಡವಾಗಿ ಬಿದ್ದರೂ ಲೆಕ್ಕ ಕೆಡುತ್ತದೆ ಎಂದು. ಪಿಪೆಟ್ಟಿನ ಕೊನೆಯ ಹನಿಯನ್ನು ಊದಿ ಬೀಳಿಸುತ್ತಿರಲಿಲ್ಲ, ಅದರ ತುದಿಯನ್ನು ಫ್ಲಾಸ್ಕಿನ ಗೋಡೆಗೆ ತಾಗಿಸಿ ಸುಮ್ಮನೆ ಕಾಯುವಳು. ಇದೆಲ್ಲ ನನಗೂ ಗೊತ್ತಿದ್ದದ್ದೇ, ಪುಸ್ತಕದಲ್ಲಿ ಇರುವುದೇ. ಗೊತ್ತಿದ್ದದ್ದನ್ನು ಇನ್ನೊಬ್ಬರು ಮಾಡುವುದನ್ನು ನೋಡುತ್ತಾ ಕೂರುವುದು ಬಹಳ ಕಷ್ಟ.

ಎಲ್ಲಕ್ಕಿಂತ ನನ್ನ ಕಣ್ಣು ಕುಕ್ಕಿದ್ದು ಅವಳ ಕಾಗದ. ದಪ್ಪ ಕಾಗದವನ್ನು ಕೊಳವೆಯ ಹಾಗೆ ಸುತ್ತಿ ಬ್ಯುರೆಟ್ಟಿಗೆ ತೊಡಿಸಿ, ಜಾರದ ಹಾಗೆ ರಬ್ಬರ್ ಬ್ಯಾಂಡ್ ಹಾಕುತ್ತಿದ್ದಳು. ಗೆರೆ, ನಂಬರು ಒಂದೂ ಕಾಣುತ್ತಿರಲಿಲ್ಲ. ಹಾಗೆ ಮುಚ್ಚಿಕೊಂಡೇ ಹನಿ ಬಿಡುವಳು, ಬಣ್ಣ ತಿರುಗಿದ ಮೇಲೆ ಕಾಗದ ಸರಿಸಿ ಓದುವಳು.

"ಇದೇನವ್ವಾ, ಬ್ಯುರೆಟ್ಟಿಗೆ ಸೆರಗು ಹೊದಿಸೀಯಲ್ಲ?" ಎಂದೆ, ಗಾಜು ತೊಳೆಯುವ ಮರಿಯಮ್ಮನಹಳ್ಳಿಯ ಅಕ್ಕನಿಗೂ ಕೇಳುವ ಹಾಗೆ. ಅಕ್ಕ ನಕ್ಕಳು.

"ನಂಬರ್ ಕಂಡ್ರ ಕೈ ಅಲ್ಲೇ ನಿಲ್ತೈತ್ರಿ ಮೇಡಂ. ನಂದು ಭಾಳ ಕೆಟ್ಟ ಕೈ," ಎಂದಳು ಹುಡುಗಿ. ಅದರಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಅನುಕೂಲವಾಗುತ್ತಿತ್ತು.

ಅವಳ ರೀಡಿಂಗು ಟ್ಯಾಲಿಯಾಗುತ್ತಿರಲಿಲ್ಲ. ಎರಡು ಹನಿ, ನಾಲ್ಕು ಹನಿ ಆಚೆ ಈಚೆ ಇರುತ್ತಿದ್ದವು. ಕೆಲವು ಸಲ ಮೂರನೆಯದನ್ನೂ ಮಾಡುತ್ತಿದ್ದಳು, ಹಾಟ್ ಪ್ಲೇಟಿನ ಮುಂದೆ ಮುಖ ಕೆಂಪಾಗಿಸಿಕೊಂಡು. ಅದನ್ನು ನೋಡಿ ನನಗೆ ಖುಷಿಯಾಗಬೇಕಿತ್ತು. ಆಗುತ್ತಿರಲಿಲ್ಲ. ಯಾಕೆಂದರೆ ಸಾಹೇಬರು ಅವಳ ಹಿಂದೆ ನಿಂತು ಆ ಕಾಗದ ಸರಿಯುವುದನ್ನೇ ಕಾಯುತ್ತಿದ್ದರು, ಮಕ್ಕಳು ಪೊಟ್ಟಣ ಬಿಚ್ಚುವುದನ್ನು ಕಾಯುವ ಹಾಗೆ. ನನ್ನ ಹಿಂದೆ ಅವರು ಹಾಗೆ ನಿಂತದ್ದೇ ಇಲ್ಲ. ನನ್ನ ನಂಬರು ಏನು ಬರುತ್ತದೆಂದು ಅವರಿಗೆ ಮೊದಲೇ ಗೊತ್ತಿರುತ್ತಿತ್ತು.

ನಾನು ಸಣ್ಣಬುದ್ಧಿ ತೋರಿಸಿದೆ. ನಲ್ಲಿ ಬಿಗಿಯಾಗಿದ್ದ ಹಳೆಯ ಬ್ಯುರೆಟ್ಟನ್ನು ಅವಳ ಸ್ಟ್ಯಾಂಡಿಗೆ ಹಾಕಿದೆ. ಅವಳು ಬಿಚ್ಚಿ, ಒರೆಸಿ, ಚೂರು ಗ್ರೀಸ್ ಸವರಿ, ಬೆಣ್ಣೆಯ ಹಾಗೆ ತಿರುಗುವಂತೆ ಮಾಡಿಕೊಂಡಳು. ಒಡಕು ಟೈಲನ್ನು ಅವಳ ಮೇಜಿಗೆ ಸರಿಸಿದೆ. ಅವಳು ನೋಟ್‌ಬುಕ್ಕಿನ ಬಿಳಿ ಹಾಳೆ ಮಡಿಚಿ ಫ್ಲಾಸ್ಕಿನ ಕೆಳಗೆ ಇಟ್ಟುಕೊಂಡಳು. ಅವಳ ಡಬ್ಬಿಯ ಚಿತ್ರಾನ್ನ ಬಹಳ ರುಚಿಯಾಗಿತ್ತು. ಅದಕ್ಕೂ ನನಗೆ ಕೋಪ ಬಂತು.

ಇಷ್ಟಕ್ಕೆಲ್ಲ ಕಾರಣ ಒಂದು ಕುರ್ಚಿ. ಸಾಹೇಬರಿಗೆ ಕಣ್ಣು ಮಂಜಾಗುತ್ತಿತ್ತು. ಹಸಿರು ಎಲ್ಲಿ ನೇರಳೆಯಾಯಿತು ಎಂದು ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ. ದಸರಾ ಕಳೆದ ಮೇಲೆ ಬರುವುದಿಲ್ಲ ಎಂದು ಮಾಲೀಕರಿಗೆ ಹೇಳಿಬಿಟ್ಟಿದ್ದರು. ನಮ್ಮ ರಿಪೋರ್ಟಿನ ಕೆಳಗೆ ಒಬ್ಬರದೇ ಸಹಿ ಇರುತ್ತದೆ. ಆ ಸಹಿ ಇಲ್ಲದೆ ಅದಿರು ಒಂದು ಬುಟ್ಟಿಯೂ ಕದಲುವುದಿಲ್ಲ. ಮುಂದೆ ಆ ಸಹಿ ಯಾರದು ಎಂದು ಸಾಹೇಬರೇ ಹೇಳಬೇಕಿತ್ತು. ಹದಿಮೂರು ವರ್ಷ ನಾನು ಮಾಡಿದ ಕೆಲಸದ ಕೆಳಗೆ ಅವರ ಹೆಸರು ನೋಡಿದ್ದೇನೆ. ಒಂದೇ ಒಂದು ಕಾಗದದ ಮೇಲೆ ನನ್ನ ಹೆಸರು ಬರಬೇಕು ಎಂಬ ಆಸೆ ತಪ್ಪು ಎಂದು ಈಗಲೂ ನನಗೆ ಅನ್ನಿಸುವುದಿಲ್ಲ.

ಶ್ರಾವಣದ ಹೊತ್ತಿಗೆ ಒಂದು ದೊಡ್ಡ ಲಾಟು ಬಂತು. ಅಂಥದ್ದಕ್ಕೆ ನಾವಿಬ್ಬರೂ ಬೇರೆ ಬೇರೆ ಮಾಡಬೇಕೆಂದು ಸಾಹೇಬರ ನಿಯಮ. ಪುಡಿಯನ್ನು ಗುಡ್ಡೆ ಹಾಕಿ ನಾಲ್ಕು ಪಾಲು ಮಾಡಿ ಪೊಟ್ಟಣ ಕಟ್ಟಿದ್ದು ಅವಳು. ಒಂದು ಪೊಟ್ಟಣ ನಮಗೆ, ಒಂದು ಗಣಿಯವರಿಗೆ, ಒಂದು ಅದಿರು ಕೊಂಡವರಿಗೆ. ಇನ್ನೊಂದಕ್ಕೆ ಅರಗು ಹಾಕಿ ಕಪಾಟಿನಲ್ಲಿಟ್ಟೆವು. ಮುಂದೆ ಜಗಳವಾದರೆ ಮೂರನೆಯವರ ಲ್ಯಾಬಿಗೆ ಕಳಿಸಲು.

ಅವಳು ಮೊದಲು ಮುಗಿಸಿದಳು. ಇಪ್ಪತ್ತೆಂಟೂಕಾಲು ಒಂದು, ಇಪ್ಪತ್ತೆಂಟೂವರೆಗೆ ಚೂರು ಕಡಿಮೆ ಇನ್ನೊಂದು. ಟ್ಯಾಲಿ ಇಲ್ಲ. ಸಾಹೇಬರು ಕನ್ನಡಕ ಮೇಲೆ ಮಾಡಿ ನೋಡಿ, "ಇರ್ಲಿ, ಮೇಡಂದು ನೋಡೋಣ," ಎಂದು ನನ್ನ ಕಡೆ ತಿರುಗಿದರು. ಅವತ್ತು ಮೊದಲ ಸಲ ಅವರು ನನ್ನ ಹಿಂದೆ ಬಂದು ನಿಂತರು. ಅವಳೂ ಬಂದಳು.

ನನ್ನ ಬ್ಯುರೆಟ್ಟಿನ ಮೂತಿಯಲ್ಲಿ ಒಂದು ಗಾಳಿಗುಳ್ಳೆ ಇತ್ತು. ನಲ್ಲಿಯ ಕೆಳಗೆ, ತುದಿಯಲ್ಲಿ. ಶುರು ಮಾಡುವ ಮೊದಲು ಜೋರಾಗಿ ಬಿಟ್ಟು ಅದನ್ನು ಹೊರಗೆ ಹಾಕಬೇಕು, ಮೊದಲ ವರ್ಷದ ಹುಡುಗರಿಗೂ ಗೊತ್ತು. ನಾನು ಸರಿಯಾಗಿ ನೋಡಲಿಲ್ಲ. ಹಿಂದೆ ನಿಂತ ಇಬ್ಬರ ಉಸಿರಿನ ಮೇಲೆ ನನ್ನ ಗಮನ. ಬಣ್ಣ ತಿರುಗಿತು, ನಿಲ್ಲಿಸಿದೆ. ಇಪ್ಪತ್ತೆಂಟು ದಶಾಂಶ ಏಳು. ಬರೆದುಕೊಳ್ಳಲು ಬಗ್ಗಿದಾಗ ಮೂತಿ ಕಂಡಿತು. ಗುಳ್ಳೆ ಇರಲಿಲ್ಲ. ಒಂದೇ ಕ್ಷಣದಲ್ಲಿ ನನಗೆ ಅರ್ಥವಾಯಿತು: ಮೊದಲು ಕಣ್ಣಂಚಿನಲ್ಲಿ ಕಂಡದ್ದು ಗುಳ್ಳೆ, ಅದು ನಡುವೆ ಹೊರಗೆ ಹೋಗಿದೆ, ಆ ಜಾಗ ತುಂಬಿದ ದ್ರಾವಣವೂ ನನ್ನ ಲೆಕ್ಕಕ್ಕೆ ಬಿದ್ದಿದೆ.

"ಇದು ಕೆಟ್ಟಿತು, ಮತ್ತೆ ಮಾಡ್ತೀನಿ" ಎನ್ನಬೇಕಿತ್ತು. ಅವಳ ಮುಂದೆ ಹಾಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಎರಡನೆಯ ಫ್ಲಾಸ್ಕು ತೆಗೆದುಕೊಂಡೆ. ಇಪ್ಪತ್ತೆಂಟೂವರೆ ಆಗುವ ಮೊದಲೇ ಅದು ನೇರಳೆಯಾಯಿತು, ನಾನು ಕಣ್ಣಾರೆ ಕಂಡೆ. ನೇರಳೆಯಾದ ಮೇಲೆ ಇನ್ನೂ ಆರು ಹನಿ ಬಿದ್ದರೂ ನೇರಳೆಯೇ. ಆರು ಹನಿ ಬಿಟ್ಟೆ. ಇಪ್ಪತ್ತೆಂಟು ದಶಾಂಶ ಏಳು.

"ನೋಡವ್ವಾ, ಹಿಂಗ ಬರಬೇಕು," ಎಂದರು ಸಾಹೇಬರು ಅವಳಿಗೆ. ಅವಳು, "ಮಸ್ತ್ ಬಂತ್ರಿ ಮೇಡಂ," ಎಂದಳು. ನಿಜವಾಗಿ ಖುಷಿಪಟ್ಟೇ ಹೇಳಿದಳು. ಅವಳ ಖುಷಿಗೂ ನನಗೆ ಹೊಟ್ಟೆ ಉರಿಯಿತು.

ರಿಪೋರ್ಟಿನಲ್ಲಿ ನನ್ನ ನಂಬರೇ ಹೋಯಿತು. ಹತ್ತು ದಿನಕ್ಕೆ ಕೊಂಡವರು ತಕರಾರು ತೆಗೆದರು, ಕಬ್ಬಿಣ ಅಷ್ಟಿಲ್ಲ ಎಂದು. ಕಪಾಟಿನ ಪೊಟ್ಟಣ ಅರಗಿನ ಸಮೇತ ಹೊರಗೆ ಹೋಯಿತು. ಮೂರನೆಯವರ ಉತ್ತರ ಬಂದಾಗ ಸಾಹೇಬರು ನಮ್ಮಿಬ್ಬರನ್ನೂ ಕರೆದು ಕೂರಿಸಿದರು. ಅದು ಅವಳ ಎರಡು ರೀಡಿಂಗಿನ ನಡುವೆ ಸರಿಯಾಗಿ ಬಿದ್ದಿತ್ತು.

ಸಾಹೇಬರು ರಿಜಿಸ್ಟರನ್ನು ತಿರುವಿ ತಿರುವಿ ನೋಡಿದರು. "ಮೇಡಂದು ಎರಡೂ ಒಂದೇ ಅದಾವ. ಎರಡು ಸಲ ಒಂದೇ ತಪ್ಪು ಆಗಾಕ ಸಾಧ್ಯಿಲ್ಲ. ಅಂದ್ರ ಪುಡೀನೇ ಸರಿಯಾಗಿ ಕಲಸಿಲ್ಲ. ಯಾರು ಪಾಲು ಮಾಡಿದ್ದು?"

"ನಾನ್ರಿ," ಎಂದಳು ಅವಳು. ತನ್ನ ಕೈಯನ್ನೇ ನೋಡಿಕೊಂಡಳು. "ಆವತ್ತು ಬಸ್ ತಪ್ಪುತೈತಂತ ಗಡಿಬಿಡಿ ಇತ್ರಿ. ಇನ್ನೊಮ್ಮೆ ಕಲಸಬೇಕಿತ್ತು. ತಪ್ಪು ನಂದೇ ಇರಬೇಕು."

ಸಾಹೇಬರು ಅವಳನ್ನು ಬೈದರು. ಹೆಚ್ಚಲ್ಲ, ಆದರೆ ಲ್ಯಾಬಿನ ಮರ್ಯಾದೆ ಎಂದೆಲ್ಲ ಅಂದರು. ಕೊನೆಗೆ, "ದಸರಾ ಆದ ಮ್ಯಾಲೆ ಸಹಿ ಮೇಡಂದು. ನೀ ಅವ್ರ ಹತ್ರ ಕುಂತು ಕಲಿ," ಎಂದರು. ನಾನು ತಲೆಯಾಡಿಸಿದೆ. ಕುರ್ಚಿ ನನ್ನದಾಯಿತು. ಮನೆಗೆ ಹೋಗುವಾಗ ಒಂದು ಕಿಲೋ ಮೈಸೂರುಪಾಕ್ ತೆಗೆದುಕೊಂಡು ಹೋದೆ. ಗಂಡ ಏನು ವಿಶೇಷ ಎಂದು ಕೇಳಿದಾಗ ಹೇಳಿದೆ, ಆದರೆ ಹೇಳುವಾಗ ಅವಳ ಸುದ್ದಿಯೇ ಮೊದಲು ಬಂತು.

ಮರುದಿನ ಊಟವಾದ ಮೇಲೆ ಅವಳು ಹೊಸ ನೋಟ್‌ಬುಕ್ಕು ಹಿಡಿದು ನನ್ನ ಮೇಜಿನ ಹತ್ತಿರ ಸ್ಟೂಲ್ ಎಳೆದುಕೊಂಡು ಕೂತಳು. "ನಿಮ್ದು ಹೆಂಗ ಅಷ್ಟು ಟ್ಯಾಲಿ ಆಗ್ತೈತ್ರಿ ಮೇಡಂ? ನಂಗೂ ಕಲಿಸ್ರಿ," ಎಂದಳು. ಪೆನ್ನಿನ ಮುಚ್ಚಳ ತೆಗೆದು ಕಾಯುತ್ತಾ ಕೂತಳು.

ನಾಳೆ ಹೇಳುತ್ತೇನೆ ಎಂದು ಕಳಿಸಿದೆ. ಅವಳು ಬಸ್ಸಿಗೆ ಹೋದ ಮೇಲೆ, ಇನ್ನೂ ಬಿಸಿಲಿರುವಾಗಲೇ, ಅವಳ ಕಾಗದದ ಕೊಳವೆಯನ್ನು ತಂದು ನನ್ನ ಬ್ಯುರೆಟ್ಟಿಗೆ ತೊಡಿಸಿದೆ. ಒಂದೇ ಪುಡಿಯನ್ನು ನಾಲ್ಕು ಫ್ಲಾಸ್ಕಿನಲ್ಲಿ ಕರಗಿಸಿಟ್ಟುಕೊಂಡಿದ್ದೆ. ನಾಲ್ಕೂ ಮಾಡಿದೆ. ನಾಲ್ಕೂ ಬೇರೆ ಬೇರೆ ಬಂದವು. ಹತ್ತಿರ ಹತ್ತಿರವೂ ಅಲ್ಲ, ಒಂದಂತೂ ನಾಚಿಕೆಗೇಡು. ನಂಬರು ಕಾಣದಿದ್ದರೆ ಎಲ್ಲಿ ನಿಲ್ಲಿಸಬೇಕೆಂದು ನನ್ನ ಕೈಗೆ ಗೊತ್ತೇ ಇರಲಿಲ್ಲ. ಬಣ್ಣವನ್ನು ನಾನು ನೋಡುವುದನ್ನೇ ಬಿಟ್ಟು ಎಷ್ಟು ವರ್ಷವಾಗಿತ್ತೋ. ಗಾಜು ತೊಳೆಯುವ ಅಕ್ಕ ಬಾಗಿಲಲ್ಲಿ ನಿಂತು, "ಯಾಕ್ರಿ ಅಮ್ಮಾ, ಯಾರಿಗಾದ್ರೂ ಏನಾದ್ರೂ ಆತೇನ್ರಿ?" ಎಂದಳು. ನಾನು ಅಳುತ್ತಿದ್ದೆ ಎಂದು ಆಗ ತಿಳಿಯಿತು.

ಸಾಹೇಬರಿಗೆ ಮರುದಿನ ಬೆಳಿಗ್ಗೆ ಹೇಳಿದೆ, ಅವಳ ಎದುರಿಗೇ. ಗುಳ್ಳೆ, ಆರು ಹನಿ, ಕಾಲೇಜಿನ ದಿನದಿಂದ ಇರುವ ಅಭ್ಯಾಸ, ಎಲ್ಲ. ಇದನ್ನು ಕೇಳಿದವರು ನಾನು ದೊಡ್ಡ ಮನಸ್ಸು ಮಾಡಿದೆ ಎಂದುಕೊಳ್ಳುತ್ತಾರೆ. ಇಲ್ಲ. ಅವಳು ಪಾಲು ಮಾಡುವುದನ್ನು ಕಲಿಯದ ಹುಡುಗಿಯಾಗಿ, ನನ್ನಿಂದ ಕಲಿಯುತ್ತಾ ಪಕ್ಕದಲ್ಲಿ ಕೂತಿರುವುದನ್ನು ದಿನವೂ ತಡೆದುಕೊಳ್ಳಲು ನನ್ನಿಂದ ಆಗುತ್ತಿರಲಿಲ್ಲ. ಅವಳು ನನಗಿಂತ ಮೇಲೆ ಕೂತರೆ ಹೊಟ್ಟೆಕಿಚ್ಚು ಪಡಬಹುದು, ಅದು ನನಗೆ ಅಭ್ಯಾಸವಿದೆ. ಕೆಳಗೆ ಕೂತು ನನ್ನನ್ನು ಹೊಗಳಿದರೆ ಏನು ಮಾಡಬೇಕೋ ಗೊತ್ತಿರಲಿಲ್ಲ.

ಸಾಹೇಬರು ರಿಜಿಸ್ಟರು ಮುಚ್ಚಿ, "ಹದಿಮೂರು ವರ್ಷ ನಾನೇ ಹೇಳಿದೆ, ಟ್ಯಾಲಿ ಆಗೋ ಕೈ ಅಂತ," ಎಂದರು. ಅಷ್ಟೇ. ಕೊಂಡವರಿಗೆ ತಿದ್ದಿದ ರಿಪೋರ್ಟು ಹೋಯಿತು, ಮಾಲೀಕರು ನನ್ನನ್ನು ಕರೆಸಿ ಕೂರಿಸದೆ ಮಾತಾಡಿದರು, ಕೆಲಸ ಮಾತ್ರ ಉಳಿಯಿತು. ಹುಡುಗಿ ಆವತ್ತು ನನ್ನ ಮುಖ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಎರಡು ದಿನ ಬಿಟ್ಟು, "ಪುಡಿ ಸರಿಯಾಗೇ ಕಲಸಿದ್ದೆ ಅಂತ ಅವ್ವಗ ಹೇಳಿದ್ನಿರಿ," ಎಂದಳು.

ಈಗ ಸಹಿ ಅವಳದು. ದೊಡ್ಡ ಅಕ್ಷರ, ಕೊನೆಗೆ ಒಂದು ಗೆರೆ ಎಳೆಯುತ್ತಾಳೆ. ನೋಡಿದಾಗಲೆಲ್ಲ ಒಳಗೆ ಚುರ್ ಎನ್ನುತ್ತದೆ. ಅದು ಹೋಗುತ್ತದೆ ಎಂದು ಕಾದೆ, ಹೋಗಲಿಲ್ಲ. ನಾನೂ ಬ್ಯುರೆಟ್ಟಿಗೆ ಕಾಗದ ಹಾಕುತ್ತೇನೆ. ಮೊದಲ ತಿಂಗಳುಗಳಲ್ಲಿ ನನ್ನ ರೀಡಿಂಗು ಎತ್ತೆತ್ತಲೋ ಹೋಗುತ್ತಿದ್ದವು, ಮೂರನೆಯದು, ನಾಲ್ಕನೆಯದು ಮಾಡುತ್ತಾ ಹಾಟ್ ಪ್ಲೇಟಿನ ಮುಂದೆ ಬೇಯುತ್ತಿದ್ದೆ. ನಲವತ್ತಾರನೆಯ ವಯಸ್ಸಿನಲ್ಲಿ ಬಣ್ಣ ನೋಡಲು ಕಲಿಯುವುದು ಸುಲಭವಲ್ಲ. ನೇರಳೆಯ ಮೊದಲು ಒಂದು ಬೂದು ಛಾಯೆ ಬರುತ್ತದೆ, ಒಂದು ಹನಿಯಷ್ಟು ಹೊತ್ತು. ಅದನ್ನು ಹಿಡಿಯಬೇಕು.

ಕಳೆದ ವಾರ ಹಿಡಿದೆ. ಕಾಗದ ಮುಚ್ಚಿಕೊಂಡೇ ಎರಡೂ ಮಾಡಿ, ಸರಿಸಿ ನೋಡಿದರೆ ಎರಡೂ ಒಂದೇ ಗೆರೆ. ಕೂದಲಷ್ಟೂ ಆಚೆ ಈಚೆ ಇಲ್ಲ. ನನ್ನ ಜನ್ಮದಲ್ಲಿ ನಿಜವಾಗಿ ಟ್ಯಾಲಿಯಾದ ಮೊದಲ ಜೋಡಿ ಅದೇ ಇರಬೇಕು. ರಿಜಿಸ್ಟರು ತೆಗೆದುಕೊಂಡು ಅವಳ ಮೇಜಿಗೆ ಹೋದೆ. ಅವಳು ಹೊಗಳಲಿ ಎಂದು ಹೋದೆ, ಯಾಕೆ ಸುಳ್ಳು ಹೇಳಲಿ.

ಅವಳು ಎರಡು ನಂಬರಿನ ಮೇಲೂ ಬೆರಳಿಟ್ಟು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಸಹಿ ಮಾಡಲು ತೆಗೆದ ಪೆನ್ನನ್ನು ಕೆಳಗಿಟ್ಟಳು.

"ಇನ್ನೊಂದು ಮಾಡ್ರಿ ಮೇಡಂ," ಎಂದಳು ಮೆಲ್ಲಗೆ.

"ಕಾಗದ ಹಾಕೇ ಮಾಡೀನಿ," ಎಂದೆ.

"ಹೌದ್ರಿ. ಆದ್ರೂ ಇನ್ನೊಂದು ಮಾಡ್ರಿ."

ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ರಿಜಿಸ್ಟರು ಅಲ್ಲೇ ಬಿಟ್ಟು, ಮೂರನೆಯದಕ್ಕೆ ಪುಡಿ ತೂಗಲು ಬಂದೆ.